ಸಿಂಗಾಪುರದಿಂದ ಬಂದ ದವಡೆ

ನಾನು ಯಾರನ್ನೂ ಸುಲಭಕ್ಕೆ ನಂಬಿದವನಲ್ಲ. ನಂಬುವ ಸ್ವಭಾವ ಇದ್ದಿದ್ದರೆ ದನದ ದಲ್ಲಾಳಿ ಕೆಲಸದಲ್ಲಿ ಒಂದು ವರ್ಷವೂ ಬಾಳುತ್ತಿರಲಿಲ್ಲ. ಬೆಳ್ಳಾರೆಯಿಂದ ಗುತ್ತಿಗಾರಿನವರೆಗೆ, ಆಚೆ ಕಡಬ, ಈಚೆ ಪುತ್ತೂರು, ಯಾರಿಗೆ ಉಳುವ ಎತ್ತು ಬೇಕಾದರೂ ನನಗೆ ಹೇಳಿಕಳಿಸುತ್ತಿದ್ದರು. ಕುಲ್ಕುಂದದ ದನದ ಜಾತ್ರೆಯಲ್ಲಿ ಘಟ್ಟದ ಮೇಲಿನವರು ಎತ್ತುಗಳನ್ನು ಕಟ್ಟಿದಾಗ ನಮ್ಮ ಕಡೆಯ ಗೌಡರೂ ಬಂಟರೂ ಭಟ್ಟರೂ ಮೊದಲು ಹುಡುಕುತ್ತಿದ್ದದ್ದು ಎತ್ತನ್ನಲ್ಲ, ಈ ಪೋಕರನ್ನು. ಕೊಂಬು, ಸುಳಿ, ಬಣ್ಣ ನೋಡುವವರು ಬೇರೆ ಇದ್ದಾರೆ. ನಾನು ಎಡಗೈಯಲ್ಲಿ ಮೂಗು ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕೆಳದುಟಿ ಇಳಿಸಿ ಹಲ್ಲು ನೋಡುತ್ತೇನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟಾದರೆ ಬಾಯಿಗೂಡಿತು, ಹಲ್ಲು ಪೂರ್ತಿಯಾಯಿತು, ಆಮೇಲೆ ಬರೀ ಸವೆತ. ಎತ್ತಿನ ಪ್ರಾಯವನ್ನು ಅದರ ಧಣಿಗಿಂತ ಸರಿಯಾಗಿ ನಾನು ಹೇಳುತ್ತೇನೆ.

ಇದರಲ್ಲಿಯೂ ಮೋಸ ಇದೆ. ಮುದಿ ಎತ್ತಿನ ಹಲ್ಲನ್ನು ಅರದಿಂದ ಉಜ್ಜಿ ಹರೆಯದ್ದೆಂದು ಮಾರುವವರನ್ನು ನಾನು ಜಾತ್ರೆಯ ಮಧ್ಯದಲ್ಲೇ ಹಿಡಿದು ಮಾನ ತೆಗೆದಿದ್ದೇನೆ. ಅರದ ಗೀರು ಬೆರಳಿಗೆ ತಿಳಿಯುತ್ತದೆ. ಹುಲ್ಲು ಅಗಿದ ಸವೆತವೇ ಬೇರೆ, ಅದು ಹಲ್ಲಿನಿಂದ ಹಲ್ಲಿಗೆ ಹರಿದುಕೊಂಡು ಹೋಗುತ್ತದೆ. ಕಣ್ಣು ಮುಚ್ಚಿ ಮುಟ್ಟಿದರೂ ನಾನು ಹೇಳಬಲ್ಲೆ. ಇಷ್ಟು ಯಾಕೆ ಹೇಳಿದೆನೆಂದರೆ, ಮುಂದೆ ನಾನು ಮಾಡಿದ ಕೆಲಸಕ್ಕೆ ಗೊತ್ತಾಗಲಿಲ್ಲ ಎಂಬ ನೆಪವನ್ನು ಯಾರೂ ನನಗೆ ಕೊಡಬಾರದು.

ಇದು ಅರವತ್ತಮೂರನೇ ಇಸವಿಯ ಮಾತು. ಬೆಳ್ಳಾರೆ ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ಮೊಯ್ದೀನ್ ನನ್ನ ಜೊತೆಗಾರ, ಪ್ರಾಯದಲ್ಲಿ ಕಿರಿಯ, ನನ್ನನ್ನು ಪೋಕರಾಕ, ಅಂದರೆ ಪೋಕರಣ್ಣ, ಎಂದು ಕರೆಯುವವನು. ಅವನ ತಂಗಿ ನೆಬೀಸ. ಅವಳ ಗಂಡ ಆದಂ ಕುಂಞಿ ಹಡಗಿನಲ್ಲಿ ಕಲ್ಲಿದ್ದಲು ಒಟ್ಟುವ ಕೆಲಸದವನು. ನಮ್ಮ ಬ್ಯಾರಿಗಳಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ಇರುವುದು ವಾಡಿಕೆ, ಹಾಗಾಗಿ ಅವನು ಹಡಗು ಹತ್ತಿದ ಮೇಲೂ ನೆಬೀಸ ಅಣ್ಣನ ಮನೆಯಲ್ಲೇ ಉಳಿದಳು. ಮೊದಲ ವರ್ಷ ಕಾಗದ ಬರುತ್ತಿತ್ತು, ಊರಿಗೆ ಬರುವವರ ಕೈಯಲ್ಲಿ ಸೀರೆಯೋ ಸಾಬೂನೋ ಬರುತ್ತಿತ್ತು. ಆಮೇಲೆ ಅದು ನಿಂತಿತು. ಎರಡು ವರ್ಷ ಅವನ ಸುದ್ದಿಯೇ ಇಲ್ಲ.

ಸುದ್ದಿ ಇಲ್ಲದ ಕಡೆ ಸುದ್ದಿ ಹುಟ್ಟಿಸುವವರು ಪೇಟೆಯಲ್ಲಿ ಬೇಕಾದಷ್ಟು ಮಂದಿ. ಆದಂ ಕುಂಞಿಗೆ ಸಿಂಗಾಪುರದಲ್ಲಿ ಚೀನಿ ಹೆಣ್ಣು ಉಂಟು ಎಂದು ಒಬ್ಬ, ಮಗುವೂ ಉಂಟು ಎಂದು ಇನ್ನೊಬ್ಬ. ನಾನೂ ಹೌದೆಂದೆ. ಗಂಡಸು ಎರಡು ವರ್ಷ ಸುಮ್ಮನಿದ್ದರೆ ಬೇರೇನು ಇರುತ್ತದೆ ಎಂದು ಚಾ ಕುಡಿಯುತ್ತ ನಾನೇ ಹೇಳಿದ್ದು ನೆನಪಿದೆ.

ಆಗ ಉಳ್ಳಾಲದ ಒಬ್ಬ ಹಡಗಿನವನು ಬಂದು ಒಂದು ಕಟ್ಟು ಕೊಟ್ಟು ಹೋದ. ಹಳೆಯ ಲುಂಗಿಯಲ್ಲಿ ಸುತ್ತಿದ ಕಟ್ಟು. ಮನೆಯವರೆಲ್ಲ ಸುತ್ತ ಕೂತು ಬಿಚ್ಚಿದರೆ ಒಳಗೆ ಒಂದು ಕಲ್ಲು. ಒಂದು ಮೊಳ ಉದ್ದ, ಕಂದು ಬಣ್ಣ, ದವಡೆಯ ಆಕಾರ, ಅದರ ತುಂಬ ಹಲ್ಲು. ಅದರೊಟ್ಟಿಗೆ ಯಾರ ಕೈಯಲ್ಲೋ ಮಲಯಾಳದಲ್ಲಿ ಬರೆಸಿದ ಕಾಗದ. ಮೊಯ್ದೀನ್ ಅದನ್ನು ನನಗೂ ತೋರಿಸಿದ. ಹೀಗಿತ್ತು: ಕಾಲಿಗೆ ಪೆಟ್ಟಾಗಿ ಸಿಂಗಾಪುರದ ಆಸ್ಪತ್ರೆಯಲ್ಲಿದ್ದೆ. ಬಿಟ್ಟ ಮೇಲೆ ಒಬ್ಬ ಮುದುಕ ಚೀನಿ ಪಂಡಿತನ ಮದ್ದಿನ ಅಂಗಡಿಯಲ್ಲಿ ಕೂತು ಬೇರು ಕುಟ್ಟಿಕೊಡುತ್ತಿದ್ದೆ. ಅಂಗಡಿ ಮುಚ್ಚುವಾಗ ಅವನು ಇದನ್ನು ಕೊಟ್ಟ. ಅವನ ದೇಶದ ಉತ್ತರದ ಮರಳುಗಾಡಿನಲ್ಲಿ ಸಿಕ್ಕಿದ್ದಂತೆ, ಮನುಷ್ಯರಿಗಿಂತ ಮೊದಲಿನ ಪ್ರಾಣಿಯದಂತೆ. ಅಸಲು. ಮಾರಬೇಡ, ಓದಿದವರಿಗೆ ತೋರಿಸು. ನಡೆಯಲಿಕ್ಕೆ ಆದಾಗ ಬರುತ್ತೇನೆ, ಕಾಯಬೇಕು.

"ಲೋಕದ ಗಂಡಂದಿರು ಚಿನ್ನ ಕಳಿಸ್ತಾರೆ, ನನ್ನ ಭಾವ ಸತ್ತ ಪ್ರಾಣಿಯ ಹಲ್ಲು ಕಳಿಸಿದ್ದಾನೆ" ಎಂದು ಮೊಯ್ದೀನ್ ಹಲ್ಲು ಕಡಿದ. "ಇದು ತಮಾಷೆ ಅಲ್ಲದೆ ಎಂತ ಪೋಕರಾಕ? ಯಾರೋ ಸಿಮೆಂಟಿನಲ್ಲಿ ಮಾಡಿದ್ದು. ಕಾಲಿನ ಕಥೆಯೂ ಹಾಗೆಯೇ ಮಾಡಿದ್ದು."

ಅವನ ಅವಸರಕ್ಕೆ ಕಾರಣ ಇತ್ತು. ಕಡಬದ ಒಣಮೀನು ವ್ಯಾಪಾರಿ ಅಬ್ದುಲ್ ರಹ್ಮಾನ್, ಹೆಂಡತಿ ತೀರಿಹೋದವನು, ಎರಡು ಸಣ್ಣ ಮಕ್ಕಳ ತಂದೆ, ನೆಬೀಸಳನ್ನು ಕೇಳಿ ಜನ ಕಳಿಸಿದ್ದ. ಒಳ್ಳೆಯ ಮನುಷ್ಯ. ಮಸೀದಿಯ ಖತೀಬರನ್ನು ಕೇಳಿದರೆ ಅವರು ಹೇಳಿದ್ದಿಷ್ಟು: ಗಂಡ ಎರಡು ವರ್ಷ ಖರ್ಚಿಗೂ ಕಳಿಸದೆ, ಸತ್ಯವಾದ ಸುದ್ದಿಯನ್ನೂ ಕೊಡದೆ ಇದ್ದರೆ ಹೆಣ್ಣು ಬಿಡುಗಡೆ ಕೇಳಬಹುದು. ಆದರೆ ಕೇಳಬೇಕಾದವಳು ಅವಳು, ಅವಳ ಅಣ್ಣನಲ್ಲ.

ನೆಬೀಸ ತುಂಬ ಮಾತಿನವಳಲ್ಲ. ಅವತ್ತು ಬಾಗಿಲ ಹಿಂದಿನಿಂದ ಒಂದೇ ಮಾತು ಹೇಳಿದಳು. "ಕಲ್ಲು ಅಸಲು ಅಂತಾದ್ರೆ ಕಾಲಿನ ಮಾತೂ ಅಸಲು. ನಾನು ಕಾಯ್ತೇನೆ. ಕಲ್ಲು ಸುಳ್ಳಾದ್ರೆ ಎಲ್ಲ ಸುಳ್ಳು. ನೀವು ಹೇಳಿದಲ್ಲಿ ಹೆಬ್ಬೆಟ್ಟು ಒತ್ತುತ್ತೇನೆ."

ಹೀಗೆ ಒಬ್ಬ ಗಂಡಸಿನ ಮಾತು, ಒಂದು ಹೆಣ್ಣಿನ ಮದುವೆ, ಎರಡೂ ಆ ಕಲ್ಲಿನ ಮೇಲೆ ಕೂತವು.

ಓದಿದವರು ಎಂದರೆ ನಮ್ಮಲ್ಲಿ ಬೋಜಪ್ಪ ಮಾಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ನಿವೃತ್ತಿಗೆ ಎರಡು ವರ್ಷ ಇತ್ತು, ದಪ್ಪ ಕನ್ನಡಕ. ಲುಂಗಿ ಸರಿಸಿ ಕಲ್ಲು ನೋಡಿದವರೇ ಜಗಲಿಯ ಮೇಲೆ ಧೊಪ್ಪನೆ ಕೂತರು. ಮನೆಗೆ ಕೊಂಡುಹೋಗಿ ಚಿತ್ರ ಬರೆಯುತ್ತೇನೆಂದರು. ಮೊಯ್ದೀನ್ ಬಿಡಲಿಲ್ಲ. ಇಷ್ಟು ಆಸೆಯಿಂದ ಕೇಳುತ್ತಾರಾದರೆ ಇದರಲ್ಲಿ ಏನೋ ಇರಬೇಕು, ಬದಲಿಸಿ ಕೊಟ್ಟರೆ ಎಂಬುದು ಅವನ ಸಂಶಯ. ನಾಲ್ಕು ದಿನ ಮುಂಚೆ ಸಿಮೆಂಟು ಎಂದವನು ಈಗ ಅದನ್ನೇ ಕಾಯಲು ಹೊರಟ. ಕಡೆಗೆ ಮಾಷ್ಟ್ರು ಶಾಲೆ ಬಿಟ್ಟ ಮೇಲೆ ಜಗಲಿಗೆ ಬಂದು ಬರೆಯುವುದು, ಅವರು ಕಲ್ಲು ಬದಲಿಸದಂತೆ ಎದುರಿಗೆ ನಾನು ಕೂತು ನೋಡುವುದು ಎಂದಾಯಿತು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಂಶಯದ ಕಣ್ಣು ನನ್ನದಲ್ಲವೇ, ಹಾಗಾಗಿ ಆ ಕೆಲಸ ನನಗೆ.

ಐದು ದಿನ ಕೂತೆ. ಮಾಷ್ಟ್ರಿಗೆ ಚಿತ್ರ ಬರೆಯುವಾಗ ಮಾತಾಡದೆ ಆಗುವುದಿಲ್ಲ.

"ಡೈನೊಸಾರ್ ಅಂತ ಹೆಸರು ಬ್ಯಾರಿಗಳೇ. ಓತಿಯ ಸಂಬಂಧಿಕರು ಅಂತ ಇಟ್ಟುಕೊಳ್ಳಿ, ಆದ್ರೆ ನಿಮ್ಮ ಮನೆಗಿಂತ ಉದ್ದ. ಕೋಟಿಗಟ್ಲೆ ವರ್ಷ ಹಿಂದೆ ಇದ್ದದ್ದು."

"ನೋಡಿದವರು ಯಾರು?" ಎಂದೆ.

"ಯಾರೂ ಇಲ್ಲ. ಎಲುಬು ಮಾತ್ರ."

"ಹಾಗಾದ್ರೆ ಮಾರುವವ ಹೇಳಿದ್ದೇ ಪ್ರಾಯ."

ಅವರು ನಕ್ಕರು. ಬೇಜಾರು ಮಾಡಿಕೊಳ್ಳಲಿಲ್ಲ. ಇದು ಸೊಪ್ಪು ತಿನ್ನುವ ಜಾತಿ, ನಿಮ್ಮ ಎತ್ತಿನ ಹಾಗೆ ಸಾಧು, ಎಂದರು. ಮುಂದಿನ ಹಲ್ಲು ಎಲ್ಲಿ ಎಂದು ನಾನು ಕೇಳಿದೆ. ಮುಂದೆ ಹಲ್ಲಿಲ್ಲ, ಬಾತುಕೋಳಿಯದ್ದರ ಹಾಗೆ ಕೊಕ್ಕು, ಅದರಲ್ಲಿ ಸೊಪ್ಪು ಕಿತ್ತು ಹಿಂದಿನ ಹಲ್ಲಿನಲ್ಲಿ ಅರೆಯುವುದು ಎಂದರು. ದನಕ್ಕೂ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಹಾಗೆಂದು ದನಕ್ಕೆ ಕೊಕ್ಕು ಬಂದಿದೆಯಾ ಎಂದು ನಾನು ಕೇಳಿದ್ದಕ್ಕೆ ಅವರು ಪೆನ್ಸಿಲ್ ಕೆಳಗಿಟ್ಟು, "ಒಳ್ಳೆ ಪ್ರಶ್ನೆ ಮಾರಾಯ್ರೆ, ನಮ್ಮ ಮಕ್ಕಳು ಒಬ್ಬರೂ ಇಂಥದ್ದು ಕೇಳುದಿಲ್ಲ" ಎಂದರು. ಮುಖಸ್ತುತಿ ಮಾಡುವವರ ಮೇಲೆ ನನಗೆ ಇನ್ನೂ ಸಂಶಯ.

ಮೂರನೆಯ ದಿನ ಅವರು ಮುಖ್ಯವಾದದ್ದಕ್ಕೆ ಬಂದರು. "ಬಾತುಕೊಕ್ಕಿನ ಡೈನೊಸಾರುಗಳು ಒಮ್ಮೆಲೇ ಬಂದದ್ದಲ್ಲ. ಅವಕ್ಕಿಂತ ಮೊದಲು ಒಂದು ಹಳೆ ಜಾತಿ ಇತ್ತು. ಅದಕ್ಕೆ ಬಾಯಿಯಲ್ಲಿ ಒಂದು ಹಲ್ಲು, ಅದು ಸವೆದು ಬೀಳುವಾಗ ಬರ್ಲಿಕ್ಕೆ ಕೆಳಗೆ ಕಾಯುವ ಹಲ್ಲು ಒಂದೇ. ಕಡೇ ಕಾಲದ ಬಾತುಕೊಕ್ಕಿನವಕ್ಕೆ ಒಂದರ ಅಡಿಯಲ್ಲಿ ಮೂರು, ನಾಲ್ಕು, ಐದು. ಎಲ್ಲ ಒತ್ತಾಗಿ ಸೇರಿ ಒಂದೇ ಅರೆಯುವ ಕಲ್ಲಿನ ಹಾಗೆ. ಎಷ್ಟು ಗಟ್ಟಿ ಸೊಪ್ಪಾದ್ರೂ ಅರೆಯಬಹುದು, ಸಾಯುವ ತನಕ ಹಲ್ಲು ಮುಗಿಯುದಿಲ್ಲ. ಇದು ಆ ಎರಡರಲ್ಲಿ ಯಾವುದು ಅಂತ ಗೊತ್ತಾಗ್ಬೇಕಾದ್ರೆ ಅಡಿಯ ಹಲ್ಲು ಲೆಕ್ಕ ಮಾಡ್ಬೇಕು. ನನ್ನ ಕಣ್ಣಿಗೆ ಆಗುದಿಲ್ಲ. ನೀವು ಸ್ವಲ್ಪ ನೋಡ್ತೀರಾ?"

ಹಲ್ಲು ನೋಡು ಎಂದರೆ ನಾನು ಬೇಡವೆನ್ನುವವನಲ್ಲ. ದವಡೆಯ ಒಳಮೈ ಒಂದು ಕಡೆ ಒಡೆದಿತ್ತು. ಅಲ್ಲಿ ತೆಂಗಿನ ಕಡ್ಡಿ ಇಳಿಸಿ, ಬೆರಳು ಆಡಿಸಿ ಒಂದೊಂದೇ ಸಾಲು ನೋಡಿದೆ. ಮೇಲೆ ಸವೆದ ಹಲ್ಲು. ಅದರ ಅಡಿಯಲ್ಲಿ ಸವೆಯದ ಚೂಪು ಹಲ್ಲು. ಅದರ ಅಡಿಯಲ್ಲಿ ಮೊಳಕೆಯಷ್ಟೇ ಎದ್ದ ಇನ್ನೊಂದು. ಹೀಗೆ ಹದಿನೇಳು ಸಾಲು.

"ಅಡಿಯಲ್ಲಿ ಎರಡು" ಎಂದೆ.

"ಸರಿ ನೋಡಿದ್ರಾ? ಒಂದಲ್ಲ, ಮೂರಲ್ಲ, ಎರಡಾ?"

"ಪೋಕರ್ ಹೇಳಿದ ಮೇಲೆ ಮತ್ತೆ ಕೇಳುದಿಲ್ಲ ಮಾಷ್ಟ್ರೇ."

ಮಾಷ್ಟ್ರು ಎದ್ದು ಜಗಲಿಯಲ್ಲಿ ಎರಡು ಸುತ್ತು ಹಾಕಿದರು. "ನಡುವಿನದ್ದು! ಹಳೆಯದಕ್ಕೂ ಬಾತುಕೊಕ್ಕಿಗೂ ನಡುವಿನದ್ದು! ಅಜ್ಜನೂ ಅಲ್ಲ, ಮೊಮ್ಮಗನೂ ಅಲ್ಲ!" ಎಂದು ಹೇಳುತ್ತ ನನ್ನ ಲೆಕ್ಕವನ್ನು ಹಾಳೆಯಲ್ಲಿ ಬರೆದುಕೊಂಡರು. ಕಲ್ಕತ್ತದಲ್ಲಿ ಇಂಥದ್ದನ್ನು ಓದುವವರಿಗೆ ಚಿತ್ರ ಕಳಿಸುತ್ತೇನೆ, ಉತ್ತರ ಬರಲು ತಿಂಗಳುಗಟ್ಟಲೆ ಆದೀತು ಎಂದರು. ಎರಡು ಎಂಬ ಲೆಕ್ಕಕ್ಕೆ ಒಬ್ಬ ಮನುಷ್ಯ ಇಷ್ಟು ಕುಣಿಯುವುದನ್ನು ನಾನು ಮೊದಲು ಕಂಡದ್ದು. ಇವರಿಗೆ ಇದರಲ್ಲಿ ಏನು ಸಿಗುತ್ತದೆ ಎಂದು ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ. ಏನೂ ಹೊಳೆಯಲಿಲ್ಲ, ಹಾಗಾಗಿ ಸಂಶಯ ಹೆಚ್ಚಾಯಿತು.

ಮರುದಿನ ಮೊಯ್ದೀನ್ ನನ್ನನ್ನು ಪೇಟೆಯಲ್ಲಿ ಹಿಡಿದ. ಕಡಬದವರು ಕಾಯುವುದಿಲ್ಲ, ಕಲ್ಕತ್ತದ ಕಾಗದ ಬರುವಾಗ ಅವರು ಬೇರೆ ಹೆಣ್ಣು ನೋಡಿಯಾಗುತ್ತದೆ ಎಂದ. "ನೆಬೀಸ ಹೇಳ್ತಾಳೆ, ಪೋಕರಾಕ ನೋಡಿ ಹೇಳಿದ್ರೆ ಒಪ್ಪುತ್ತೇನೆ ಅಂತ. ಹಲ್ಲಿನ ವಿಷಯ ನಿಮಗಿಂತ ಹೆಚ್ಚು ಯಾರಿಗೆ ಗೊತ್ತುಂಟು? ಶುಕ್ರವಾರ ಸಂಜೆ ಅಸರ್ ನಮಾಝ್ ಆದ ಮೇಲೆ ಬನ್ನಿ." ಪಕ್ಕದಲ್ಲಿ ನಾಲ್ಕು ಜನ ಇದ್ದರು. ಅವರೆದುರು ನಾನು ಎದೆ ಸೆಟೆಸಿ, "ಅದರಲ್ಲಿ ನೋಡುದೆಂತ, ಒಂದೇ ದವಡೆಯಲ್ಲಿ ಮುದಿ ಹಲ್ಲು, ಹೊಸ ಹಲ್ಲು, ಹುಟ್ಟದ ಹಲ್ಲು ಮೂರೂ ಇಟ್ಟಿದ್ದಾರೆ. ಅಂಥ ಪ್ರಾಣಿ ಅಲ್ಲಾಹು ಮಾಡಿಲ್ಲ, ಮನುಷ್ಯ ಮಾಡಿದ್ದು" ಎಂದುಬಿಟ್ಟೆ. ಸಂಜೆಯೊಳಗೆ ಆ ಮಾತು ಪಕ್ಕದೂರು ಪಂಜದವರೆಗೆ ಹೋಗಿತ್ತು.

ಶುಕ್ರವಾರ ಜಗಲಿಯಲ್ಲಿ ಚಾಪೆ ಹಾಸಿದ್ದರು. ಖತೀಬರು, ಮೊಯ್ದೀನ್, ಮಾಷ್ಟ್ರು, ನಾನು. ಅರ್ಧ ತೆರೆದ ಬಾಗಿಲಿನ ಆಚೆ ನೆಬೀಸ ಕೂತಿದ್ದಳು. ಅವಳ ಕಣ್ಣು ನನ್ನ ಕೈಯ ಮೇಲೆಯೇ ಇತ್ತು.

ನಾನು ಮೊದಲು ಮಾಷ್ಟ್ರಿಗೆ ಒಂದು ಬಿರುಕು ತೋರಿಸಿದೆ. ಅದರೊಳಗೆ ಕಂದು ಅಂಟು ಇತ್ತು. ಉಗುರಿನಿಂದ ಕೆರೆದು ಮೂಸಿದೆ, ರಾಳದ ವಾಸನೆ. "ಇದೆಂತ?"

"ಒಡೆದದ್ದನ್ನು ಯಾರೋ ಅಂಟಿಸಿದ್ದಾರೆ. ಆ ಮದ್ದಿನ ಪಂಡಿತನೇ ಇರ್ಬಹುದು."

"ಅಂಟಿಸಿದ್ದು ಅಂತ ಒಪ್ಪಿದ್ರಲ್ಲ. ಮತ್ತೆ ಈ ಅಡಿಯ ಹಲ್ಲು?"

"ಅದು ಅಂಟಿಸಿದ್ದಲ್ಲ ಬ್ಯಾರಿಗಳೇ. ನೀವೇ ಲೆಕ್ಕ ಮಾಡಿದ್ದು. ಅಡಿಯಲ್ಲಿ ಎರಡು ಇರುದೇ ಅದರ ಗುರುತು."

"ನೀವು ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದೀರಿ ಮಾಷ್ಟ್ರೇ. ನಮ್ಮ ಕೆಲಸದಲ್ಲಿ ಅಂಥವರ ಎತ್ತನ್ನು ನಾವು ಕೊಳ್ಳುದಿಲ್ಲ."

ಖತೀಬರು ನಸುನಕ್ಕರು. ಮೊಯ್ದೀನ್ ಜೋರಾಗಿ ನಕ್ಕ. ನನಗೆ ಉಮೇದು ಬಂತು. ಕಡೆಯದಾಗಿ ತೋರಿಸಿಬಿಡೋಣ ಎಂದು ಕಣ್ಣು ಮುಚ್ಚಿ, ಸವೆದ ಹಲ್ಲುಗಳ ಮೇಲೆ ಹೆಬ್ಬೆರಳು ಎಳೆದೆ, ಅರದ ಗೀರು ಹುಡುಕುತ್ತ.

ಅರದ ಗೀರು ಇರಲಿಲ್ಲ.

ಸವೆತ ಒಂದು ಹಲ್ಲಿನಿಂದ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ತಡೆಯಿಲ್ಲದೆ ಹರಿದಿತ್ತು. ಓರೆಯಾಗಿ, ಒಂದೇ ನಯದಲ್ಲಿ, ವರ್ಷಗಟ್ಟಲೆ ಸೊಪ್ಪು ಅಗಿದ ಬಾಯಿಯ ಸವೆತ. ಇಂಥದ್ದನ್ನು ಯಾವ ಅರದಿಂದಲೂ ಮಾಡಲಾಗುವುದಿಲ್ಲ. ನನ್ನ ಬೆರಳು ಅಲ್ಲೇ ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತಿತು. ಆ ಪ್ರಾಣಿ ಯಾವುದೋ ನನಗೆ ತಿಳಿಯದು, ಆದರೆ ಅದು ಬದುಕಿತ್ತು, ತಿಂದಿತ್ತು ಎಂಬುದು ಬೆರಳಿಗೆ ತಿಳಿಯಿತು.

ಆಗ ನಾನು, ಇದು ನನಗೆ ಗೊತ್ತಾಗುವುದಿಲ್ಲ, ಕಲ್ಕತ್ತದ ಕಾಗದ ಬರಲಿ ಎನ್ನಬಹುದಿತ್ತು. ಆದರೆ ಪೇಟೆಯಲ್ಲಿ ಹೇಳಿಯಾಗಿತ್ತು. ಪೋಕರ್ ಮಾತು ಬದಲಿಸಿದ ಎಂದು ನಾಳೆ ಎಲ್ಲರೂ ಆಡಿಕೊಳ್ಳುವುದು ಕಣ್ಣ ಮುಂದೆ ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟೇ ಕಾರಣ. ಮೊಯ್ದೀನನ ಹಂಗು ಇರಲಿಲ್ಲ, ಆದಂ ಕುಂಞಿಯ ಮೇಲೆ ದ್ವೇಷವೂ ಇರಲಿಲ್ಲ.

"ಮಾಡಿದ್ದು" ಎಂದೆ. "ಸುಳ್ಳು ಹಲ್ಲು."

ಬಾಗಿಲಿನ ಆಚೆಯಿಂದ ನೆಬೀಸ ಕೇಳಿದಳು. "ಪೋಕರಾಕ, ಸರಿಯಾಗಿ ನೋಡಿ ಹೇಳಿದ್ದಾ?"

"ಸರಿಯಾಗಿ ನೋಡಿಯೇ ಹೇಳಿದ್ದು."

ಮಾಷ್ಟ್ರು ಕನ್ನಡಕ ತೆಗೆದು ಶರಟಿನ ತುದಿಯಲ್ಲಿ ಒರೆಸಿಕೊಂಡರು. ಚಪ್ಪಲಿ ಮೆಟ್ಟಿ ಹೋದರು. ನೆಬೀಸ ಬಿಡುಗಡೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಬಿಡುಗಡೆಯಾದ ಹೆಣ್ಣು ಕಾಯಬೇಕಾದ ಮೂರು ತಿಂಗಳ ಇದ್ದತ್ ಕಳೆದು, ರಂಝಾನೂ ಮುಗಿದ ಮೇಲೆ ಮಾರ್ಚಿನಲ್ಲಿ ಕಡಬದ ಅಬ್ದುಲ್ ರಹ್ಮಾನನ ಜೊತೆ ಅವಳ ನಿಕಾಹ್ ಆಯಿತು. ನಾನು ಹೋಗಿ ಉಂಡು ಬಂದೆ. ಕಲ್ಲು ಯಾರಿಗೂ ಬೇಡವಾಗಿ ಮೊಯ್ದೀನನ ಕೊಟ್ಟಿಗೆಯ ಅಟ್ಟದಲ್ಲಿ ಬಿದ್ದಿತ್ತು.

ಏಪ್ರಿಲಿನಲ್ಲಿ ಒಂದು ದಿನ ಮಾಷ್ಟ್ರು ಸಂತೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಆ ಶುಕ್ರವಾರದ ಮೇಲೆ ಅವರು ನನ್ನೊಡನೆ ಮಾತಾಡಿರಲಿಲ್ಲ. ಕಿಸೆಯಿಂದ ಒಂದು ಇಂಗ್ಲಿಷ್ ಕಾಗದ ತೆಗೆದರು. ನಾನು ಮೊದಲು ಲಕೋಟೆ ತೆಗೆದುಕೊಂಡು ಅದರ ಮೇಲಿನ ಅಂಚೆ ಮುದ್ರೆ ನೋಡಿದೆ. ಕಲ್ಕತ್ತದ್ದೇ.

ಅವರು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದರು. ಬರೀ ಚಿತ್ರ ನೋಡಿ ಕಡೆಯ ಮಾತು ಹೇಳಲಾಗದು. ಆದರೂ ಇದು ಸೊಪ್ಪು ತಿನ್ನುವ ಡೈನೊಸಾರಿನ ದವಡೆ ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ದೇಶದ್ದಲ್ಲ. ಚೀನಾದ ಉತ್ತರದ ಮರಳುಗಾಡಿನ ಕಡೆಯದು ಇರಬಹುದು, ಅಲ್ಲಿಯ ಮದ್ದಿನ ಅಂಗಡಿಗಳಿಗೆ ಇಂಥ ಎಲುಬು ಬರುವುದುಂಟು. ಬಾತುಕೊಕ್ಕಿನ ಡೈನೊಸಾರುಗಳು ಯಾವ ಕೊಂಬೆಯಿಂದ ಒಡೆದವೋ ಆ ಕೊಂಬೆಯಲ್ಲಿ, ಅವುಗಳಿಗಿಂತ ಸ್ವಲ್ಪ ಮೊದಲು ಇದರ ಜಾಗ. ಅದು ಗೊತ್ತಾದದ್ದು ಅಡಿಯ ಹಲ್ಲುಗಳ ಲೆಕ್ಕದಿಂದ. ಇದನ್ನು ಕೃತಕವಾಗಿ ಮಾಡುವವನಿಗೆ ಅಡಿಯಲ್ಲಿ ಎರಡೇ ಇಡಬೇಕೆಂಬುದು ತಿಳಿದಿರಲು ಸಾಧ್ಯವಿಲ್ಲ.

ಮಾಷ್ಟ್ರು ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. "ಇನ್ನೊಂದು ಸಾಲು ಉಂಟು. ಹಲ್ಲುಗಳನ್ನು ಬೆರಳಿನಿಂದ ಲೆಕ್ಕ ಮಾಡಿದ ದನದ ವ್ಯಾಪಾರಿಗೆ ನಮ್ಮ ವಂದನೆ ತಿಳಿಸಿ, ಅವರ ಲೆಕ್ಕ ಇಲ್ಲದಿದ್ರೆ ನಮಗೆ ಏನೂ ಹೇಳ್ಲಿಕ್ಕೆ ಆಗ್ತಿರಲಿಲ್ಲ ಅಂತ. ನಾನು ನಿಮ್ಮ ಹೆಸರು ಬರೆದಿದ್ದೆ, ಬ್ಯಾರಿಗಳೇ."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾದರೂ ಆಡುತ್ತಿದ್ದೆ. ನನ್ನ ಬೆರಳು ಸತ್ಯ ಹೇಳಿ ಕಲ್ಕತ್ತದವರೆಗೆ ಹೋಗಿ ಬಂದಿತ್ತು. ನನ್ನ ಬಾಯಿ ಬೆಳ್ಳಾರೆಯಲ್ಲೇ ಒಂದು ಮನೆ ಒಡೆದಿತ್ತು. ಆ ದಿನ ಸಂತೆಯಲ್ಲಿ ಒಂದು ಎತ್ತಿನ ಬಾಯಿಯನ್ನೂ ನಾನು ಬಿಡಿಸಿ ನೋಡಲಿಲ್ಲ.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಎರಡು ಬಸ್ಸು ಬದಲಿಸಿ ಕಡಬಕ್ಕೆ ಹೋದೆ. ಅಬ್ದುಲ್ ರಹ್ಮಾನ್ ಅಂಗಡಿಯಲ್ಲಿದ್ದ. ನನ್ನನ್ನು ನೋಡಿ ಸಂತೋಷಪಟ್ಟು, ಮನೆಗೆ ಹೋಗಿ, ಚಾ ಕುಡಿಯದೆ ಹೋಗಬಾರದು ಎಂದ. ಮನೆಯಲ್ಲಿ ನೆಬೀಸ ಅವನ ಸಣ್ಣ ಮಗಳ ತಲೆಗೆ ಎಣ್ಣೆ ಹಾಕುತ್ತಿದ್ದಳು. ಹುಡುಗಿ ಅವಳ ಮೊಣಕಾಲಿಗೆ ಒರಗಿ ಕೂತಿತ್ತು. ನೆಬೀಸಳ ಮೈ ಸ್ವಲ್ಪ ತುಂಬಿತ್ತು. ಅಣ್ಣನ ಮನೆಯಲ್ಲಿ ಅವಳನ್ನು ಹಾಗೆ ಕಂಡ ನೆನಪು ನನಗಿಲ್ಲ.

ಹುಡುಗಿಯನ್ನು ಒಳಗೆ ಕಳಿಸು ಎಂದೆ. ಆಮೇಲೆ ಒಂದೇ ಉಸಿರಿಗೆ ಹೇಳಿದೆ. ಕಲ್ಲು ಅಸಲು. ಕಲ್ಕತ್ತದಿಂದ ಬಂದಿದೆ. ಅವನು ಬರೆದದ್ದೆಲ್ಲ ನಿಜ, ಮದ್ದಿನ ಅಂಗಡಿ, ಮರಳುಗಾಡು, ಎಲ್ಲ. ಕಾಲೂ ನಿಜವೇ ಇರಬೇಕು. ನನಗೆ ಅವತ್ತೇ ಬೆರಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಸುಳ್ಳು ಹೇಳಿದೆ.

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನನಗೂ ಅವತ್ತೇ ಗೊತ್ತಾಗಿತ್ತು ಪೋಕರಾಕ. ನಿಮ್ಮ ಬೆರಳು ನಿಂತದ್ದನ್ನು ನಾನು ನೋಡಿದೆ."

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

"ಅದಕ್ಕೇ ಮತ್ತೊಮ್ಮೆ ಕೇಳಿದ್ದು. ನೀವು ಸರಿಯಾಗಿ ನೋಡಿ ಹೇಳಿದ್ದು ಅಂತ ಹೇಳಿದ್ರಿ. ನನಗೆ ಅಷ್ಟು ಸಾಕಾಯ್ತು. ಮೂರು ವರ್ಷ ಅತ್ತಿಗೆಯ ಮುಖ ನೋಡಿಕೊಂಡು ಆ ಮನೆಯಲ್ಲಿ ಕೂತಿದ್ದೇನೆ. ಕಾಯಿ ಅಂತ ಹೇಳುವವರಿಗೆ ಎಂತ, ಕಾಯುವವಳು ನಾನಲ್ವಾ? ಯಾರಾದ್ರೂ ಒಬ್ಬರು ಸುಳ್ಳು ಅಂತ ಹೇಳ್ಲಿ ಅಂತ ಇದ್ದೆ. ನೀವು ಹೇಳಿದ್ರಿ." ಒಳಗಿನಿಂದ ಹುಡುಗಿ ಉಮ್ಮಾ ಎಂದು ಕರೆಯಿತು. ನೆಬೀಸ ಬರುತ್ತೇನೆಂದು ಅದಕ್ಕೆ ಹೇಳಿ ನನ್ನ ಕಡೆ ತಿರುಗಿದಳು. "ಈಗ ನೀವು ಸತ್ಯ ತಂದು ಕೊಟ್ರೆ ನಾನು ಅದನ್ನು ಎಲ್ಲಿ ಇಡುದು? ಕೊಂಡುಹೋಗಿ. ಚಾ ಕುಡಿದು ಹೋಗಿ."

ಚಾ ಕುಡಿದೆ. ರುಚಿ ಗೊತ್ತಾಗಲಿಲ್ಲ. ಮೂವರಿಗೆ ಗೊತ್ತಿದ್ದ ಸತ್ಯವನ್ನು ನಾನೂ ಇವಳೂ ಸೇರಿ ಒಂದು ಜಗಲಿಯಲ್ಲಿ ಹೂಳಿದ್ದೆವು, ಮೂವರಲ್ಲಿ ನೇರವಾಗಿದ್ದವರು ಮಾಷ್ಟ್ರು ಒಬ್ಬರೇ. ಊರಿಗೆ ಬಂದವನು ಮೊಯ್ದೀನನ ಅಟ್ಟದಿಂದ ಕಲ್ಲು ಇಳಿಸಿ ಮಾಷ್ಟ್ರ ಮನೆಗೆ ಹೊತ್ತುಕೊಂಡು ಹೋಗಿ ಕೊಟ್ಟೆ. ಅವರು ಅದನ್ನು ಹಲಗೆಯ ಪೆಟ್ಟಿಗೆಗೆ ಹಾಕಿ, ಬೈಹುಲ್ಲು ತುರುಕಿ, ಮಂಗಳೂರಿನಿಂದ ರೈಲಿನಲ್ಲಿ ಕಲ್ಕತ್ತಕ್ಕೆ ಕಳಿಸಿದರು. ಒಳಗೆ ಇಟ್ಟ ಚೀಟಿಯಲ್ಲಿ, ಕೊಟ್ಟವರು ಹಡಗಿನ ಕೆಲಸಗಾರ ಆದಂ ಕುಂಞಿ, ಬೆಳ್ಳಾರೆ, ಎಂದು ನನ್ನೆದುರೇ ಬರೆದರು.

ಮೇ ತಿಂಗಳ ಕೊನೆಗೆ ಆದಂ ಕುಂಞಿ ಬಂದ.

ಮೊಯ್ದೀನನ ಮನೆಯಲ್ಲಿ ಅವನಿಗೆ ಬಾಗಿಲು ತೆರೆದರೂ ಕೂರು ಎನ್ನಲಿಲ್ಲವಂತೆ. ಪೇಟೆಯಲ್ಲಿ ಯಾರೋ, ಹಲ್ಲು ಸುಳ್ಳೆಂದು ಹೇಳಿದ್ದು ಪೋಕರ್ ಎಂದರಂತೆ. ಮಧ್ಯಾಹ್ನ ನಾನು ಹಗ್ಗ ಹೊಸೆಯುತ್ತ ಕೂತಿದ್ದಾಗ ಅಂಗಳಕ್ಕೆ ಊರುಗೋಲಿನ ಸದ್ದು ಬಂತು. ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಆಗಲೂ ನನ್ನ ಹಾಳು ಕಣ್ಣು ಮೊದಲು ಹೋದದ್ದು ಆ ಲುಂಗಿಯ ಅಡಿಗೆ, ಕಾಲು ನಿಜವಾಗಿ ಇಲ್ಲವೋ, ಮಡಚಿ ಕಟ್ಟಿದ್ದಾನೋ ಎಂದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಕಾಲು ಹೋಗಿದೆ ಅಂತ ಯಾಕೆ ಬರೆಯಲಿಲ್ಲ?" ಎಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ.

"ಬರೆದ್ರೆ ಅವಳು ಬಿಟ್ಟು ಹೋದಾಳು ಅಂತ ಹೆದರಿಕೆ ಆಯ್ತು." ಅವನು ಜಗಲಿಯ ಅಂಚಿನಲ್ಲಿ ಕೂತ. "ಬರ್ಲಿಕ್ಕೆ ಹಡಗಿನಲ್ಲಿ ಯಾರೂ ಹತ್ತಿಸುದಿಲ್ಲ, ಕಾಲಿಲ್ಲದವನಿಂದ ಎಂತ ಕೆಲಸ ಆಗ್ತದೆ? ಕೈಯಲ್ಲಿ ಕೊಡ್ಲಿಕ್ಕೆ ಒಂದೂ ಇರಲಿಲ್ಲ. ಆ ಕಲ್ಲು ಒಂದೇ ಇದ್ದದ್ದು. ಅದೊಂದು ನಿಜ ಅಂತ ಕಂಡ್ರೆ ಸಾಕು, ಉಳಿದದ್ದೂ ನಂಬುತ್ತಾಳೆ ಅಂತ ಗ್ರಹಿಸಿದೆ."

"ಕಲ್ಲು ಅಸಲು" ಎಂದೆ. "ತಪ್ಪು ನನ್ನದು." ಒಳಗೆ ಹೋಗಿ, ಮಾಷ್ಟ್ರು ನನಗೆಂದು ಕನ್ನಡದಲ್ಲಿ ಬರೆದು ಕೊಟ್ಟಿದ್ದ ಕಾಗದ ತಂದು ಅವನ ಕೈಯಲ್ಲಿಟ್ಟೆ. ಅದು ಯಾವ ಪ್ರಾಣಿ, ಯಾವ ಕೊಂಬೆಯದು, ಎಲ್ಲ ಅದರಲ್ಲಿತ್ತು. ಅವನು ಅದನ್ನು ಬಿಡಿಸಿಯೂ ನೋಡಲಿಲ್ಲ.

"ಪೋಕರಾಕ, ನನಗೆ ಒಂದೇ ತಿಳಿಯಬೇಕು. ಅವಳು ನಂಬಿದ್ಲಾ?"

ಕಡಬದ ಆ ಮನೆ ಕಣ್ಣ ಮುಂದೆ ಬಂತು. ಎಣ್ಣೆಯ ಕೈ, ಮೊಣಕಾಲಿಗೆ ಒರಗಿದ ಹುಡುಗಿ. ಇವನ ಮುಖ ಎದುರಿಗೇ ಇತ್ತು.

"ಕಡೇ ಗಳಿಗೆಯ ತನಕ ನಂಬಿದ್ದಳು" ಎಂದೆ. "ಎರಡು ಸಲ ಕೇಳಿದ್ಲು ನನ್ನ ಹತ್ರ. ನಾನು ಸುಳ್ಳು ಅಂತ ಗಟ್ಟಿಯಾಗಿ ಹೇಳಿದ ಮೇಲೆಯೇ ಅವಳು ಒತ್ತಿದ್ದು. ಅವಳದ್ದು ತಪ್ಪು ಎಂತದೂ ಇಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಅವನ ಜಾಗದಲ್ಲಿ ನಾನಿದ್ದಿದ್ದರೆ ಕುರ್‌ಆನ್ ಮುಟ್ಟಿ ಹೇಳು ಎನ್ನುತ್ತಿದ್ದೆ, ಖತೀಬರನ್ನು ಕರೆಸುತ್ತಿದ್ದೆ, ಕಡಬಕ್ಕೆ ಜನ ಕಳಿಸಿ ವಿಚಾರಿಸುತ್ತಿದ್ದೆ. ಹೊಡೆಯಲಿ ಎಂದು ನಾನು ತಲೆ ತಗ್ಗಿಸಿ ಕೂತೆ.

"ಹಾಗಾದ್ರೆ ಸಾಕು" ಎಂದ. ಅವನ ಮುಖ ಎಷ್ಟೋ ಹಗುರವಾಯಿತು. ಏಳಲು ನನ್ನ ಹೆಗಲ ಮೇಲೆ ಕೈಯೂರಿದ. ನಾನು ಕೊಟ್ಟ ಸುಳ್ಳನ್ನು ಒಂದು ಪ್ರಶ್ನೆಯನ್ನೂ ಕೇಳದೆ ತೆಗೆದುಕೊಂಡು, ಊರುಗೋಲು ಊರುತ್ತ ಬಸ್ಸಿನ ಕಡೆಗೆ ನಡೆದ.